ಕೋಪ್ರೊಸೆಸರ್: ಸಾಕೆಟ್ಟಿನಲ್ಲಿ ಕೂತರೆ ಸಾಲದು

ಪ್ರಶ್ನೆ: ಟರ್ಬೊ ಎಕ್ಸ್‌ಟಿ ಕಂಪ್ಯೂಟರಿಗೆ 8087 (ಸಿಪಿಯುವಿನ ಜೊತೆಗಿದ್ದು ದಶಮಾಂಶ ಲೆಕ್ಕಗಳನ್ನು ಬೇಗ ಮಾಡುವ ಕೋಪ್ರೊಸೆಸರ್ ಚಿಪ್) ಹಾಕಿದ್ದೇನೆ. 4.77 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿದೆ. 8 ಮೆಗಾಹರ್ಟ್ಸ್ ಟರ್ಬೊಗೆ ಹೋದರೆ ಲೆಕ್ಕದ ನಡುವೆ ನಿಂತುಬಿಡುತ್ತದೆ. ಚಿಪ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಾರದು, ಅದರ ವೇಗ ಸಾಲದಿರಬಹುದು. 8087ಕ್ಕೆ ಸಿಪಿಯುವಿನದೇ ಕ್ಲಾಕ್, ಅಂದರೆ ವೇಗ ನಿರ್ಧರಿಸುವ ಮಿಡಿತ. ಅದು ಏರಿದರೆ ಇದೂ ಏರಲೇಬೇಕು. ಚಿಪ್ಪಿನ ಬೆನ್ನ ಮೇಲೆ ಬರೀ 8087 ಎಂದಿದ್ದರೆ ಅದು 5 ಮೆಗಾಹರ್ಟ್ಸ್‌ನದು. 8087-2 ಎಂದರೆ 8, 8087-1 ಎಂದರೆ 10. ಗೀಟಿನ ಮುಂದಿನ ಅಂಕಿ ಇಳಿದಷ್ಟೂ ವೇಗ ಹೆಚ್ಚು, ಕೊಳ್ಳುವಾಗ ಬಹಳ ಮಂದಿ ಎಡವುವುದು ಇಲ್ಲೇ. ನಿಮಗೆ ಬೇಕಾದದ್ದು 8087-2. ಹೆಚ್ಚು ವೇಗದ ಚಿಪ್ಪನ್ನು ನಿಧಾನದ ಬೋರ್ಡಿಗೆ ಹಾಕಿದರೆ ತೊಂದರೆಯಿಲ್ಲ.

ಬದಲಿಸುವಾಗ ವಿದ್ಯುತ್ ತಂತಿ ಕಿತ್ತು, ಸಾಕೆಟ್ಟಿನ ಕಚ್ಚಿಗೆ ಚಿಪ್ಪಿನ ಕಚ್ಚು ಹೊಂದಿಸಿ, 40 ಪಿನ್‌ಗಳೂ ರಂಧ್ರಕ್ಕೆ ನೇರವಾಗಿವೆಯೆಂದು ನೋಡಿಕೊಂಡೇ ಒತ್ತಿ. ಒಂದು ಪಿನ್ ಹೊಟ್ಟೆಯಡಿ ಮಡಚಿಕೊಂಡರೂ ಮೇಲಿಂದ ಕಾಣದು. ಐಬಿಎಂ ಪಿಸಿ ಮತ್ತು ಎಕ್ಸ್‌ಟಿಗಳಲ್ಲಿ ಎಸ್‌ಡಬ್ಲ್ಯು1 ಎಂಬ ಸ್ವಿಚ್ ಗುಂಪಿನ 2ನೇ ಸ್ವಿಚ್ಚನ್ನು ‘ಆಫ್’ ಮಾಡಬೇಕು. ‘ಆನ್’ ಇದ್ದರೆ ಕೋಪ್ರೊಸೆಸರ್ ಇಲ್ಲವೆಂದೇ ಅರ್ಥ. ಬೇರೆ ಬೋರ್ಡ್ ಆದರೆ ಅದರ ಕೈಪಿಡಿ ನೋಡಿ. ಚಿಪ್ ಚೆನ್ನಾಗಿ ಬಿಸಿಯಾದರೆ ಗಾಬರಿ ಬೇಡ, ಅದರ ಸ್ವಭಾವವೇ ಅದು.

ಪ್ರಶ್ನೆ: 12 ಮೆಗಾಹರ್ಟ್ಸ್‌ನ 286 ಸಿಪಿಯುಗೆ 8 ಮೆಗಾಹರ್ಟ್ಸ್‌ನ 80287 ಕೋಪ್ರೊಸೆಸರ್ ಸಾಕೇ?

ಉತ್ತರ: ಐಬಿಎಂ ಎಟಿ ಮಾದರಿಯ ಬೋರ್ಡ್ ಆದರೆ ಸಾಕು. ಅಲ್ಲಿ 287ಕ್ಕೆ ಸಿಗುವುದು ಸಿಪಿಯು ವೇಗದ ಮೂರರಲ್ಲಿ ಎರಡು ಪಾಲು: 6ಕ್ಕೆ 4, 12ಕ್ಕೆ 8. ಹಾಗಾಗಿಯೇ ಮೊದಲ ಎಟಿಯ 287, ಹಳೆಯ ಪಿಸಿಯ 8087ಕ್ಕಿಂತ ನಿಧಾನವಾದದ್ದೂ ಉಂಟು. ಕೆಲವು ಬೋರ್ಡ್‌ಗಳಲ್ಲಿ ಕೋಪ್ರೊಸೆಸರಿಗೇ ಬೇರೆ ಕ್ರಿಸ್ಟಲ್ (ಕ್ಲಾಕ್ ಮಿಡಿತ ಕೊಡುವ ಬಿಡಿಭಾಗ) ಇರುತ್ತದೆ. ಆಗ ಈ ಲೆಕ್ಕ ನಡೆಯದು, ಬೋರ್ಡಿನ ಕೈಪಿಡಿ ನೋಡಿ. ಸಿಕ್ಕರೆ 287ಎಕ್ಸ್‌ಎಲ್ ಕೊಳ್ಳಿ. ಹೊರಗಿನ ಪಿನ್‌ಗಳು 287ರವು, ಒಳಗಿರುವುದು 386ರ ಕೋಪ್ರೊಸೆಸರ್ ಆದ 387. ಸೈನ್, ಕೊಸೈನ್‌ಗೆ ನೇರ ಆದೇಶ ಬಂದದ್ದು 387ರಿಂದಲೇ. ಹಳೆಯ 8087, 287 ಎರಡರಲ್ಲೂ ಟ್ಯಾಂಜೆಂಟ್ ಮಾತ್ರ, ಅದೂ 45 ಡಿಗ್ರಿಯೊಳಗೆ.

ಪ್ರಶ್ನೆ: ನನ್ನ 386 ಬೋರ್ಡಿನ ಸಾಕೆಟ್ಟಿನಲ್ಲಿ 121 ರಂಧ್ರಗಳಿವೆ, 387ಡಿಎಕ್ಸ್‌ಗೆ 68 ಪಿನ್ ಮಾತ್ರ. ಹೇಗೆ?

ಉತ್ತರ: ಅದು ವೈಟೆಕ್ ಕಂಪನಿಯ 3167 ಕೋಪ್ರೊಸೆಸರ್ ಕೂಡ ಹಿಡಿಸುವ ಸಾಕೆಟ್. 387ಅನ್ನು ಒಳಗಿನ ಎರಡು ಸಾಲುಗಳಲ್ಲಿ ಕೂರಿಸಿ, ಹೊರಗಿನ ಸಾಲು ನಾಲ್ಕೂ ಬದಿ ಖಾಲಿ ಇರಲಿ. ಚಿಪ್ಪಿನ ಕತ್ತರಿಸಿದ ಮೂಲೆ ಬೋರ್ಡಿನ 1ನೇ ಪಿನ್ ಗುರುತಿನ ಕಡೆಗಿರಬೇಕು. ತಿರುಗಿಸಿ ಕೂರಿಸಿ ವಿದ್ಯುತ್ ಕೊಟ್ಟರೆ ಚಿಪ್ ಸುಡಬಹುದು. ವೈಟೆಕ್ ವೇಗದ್ದೇ, ಆದರೆ 387ರ ಆದೇಶಗಳು ಅದಕ್ಕೆ ಅರ್ಥವಾಗವು. ಅದಕ್ಕೆಂದೇ ಬರೆದ ಪ್ರೋಗ್ರಾಂ ಇಲ್ಲದಿದ್ದರೆ ಕೊಳ್ಳಬೇಡಿ.

ಪ್ರಶ್ನೆ: ಅಮಿಗಾದ ಆಕ್ಸಿಲರೇಟರ್ ಕಾರ್ಡಿನಲ್ಲಿ 68881 ಕೋಪ್ರೊಸೆಸರ್ ತೆಗೆದು 68882 ಹಾಕಬಹುದೇ?

ಉತ್ತರ: ಹಾಕಬಹುದು, ಪಿನ್‌ಗಳು ಒಂದೇ. ಆಕಾರ ಮಾತ್ರ ಗಮನಿಸಿ: ಪಿನ್ ಕೆಳಗಿರುವುದೋ, ನಾಲ್ಕು ಅಂಚಿಗಿರುವುದೋ.

ಪ್ರಶ್ನೆ: ಕೋಪ್ರೊಸೆಸರ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಬೋರ್ಲ್ಯಾಂಡ್ ಟರ್ಬೊ ಸಿಯಲ್ಲಿ ದಶಮಾಂಶ ಲೆಕ್ಕದ ದೊಡ್ಡ ಲೂಪ್ ಬರೆದು, ಎಮ್ಯುಲೇಷನ್ ಆಯ್ಕೆಯಲ್ಲಿ (ಚಿಪ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ತಂತ್ರಾಂಶದಲ್ಲೇ ಲೆಕ್ಕ ಮಾಡುವ ಆಯ್ಕೆ) ಕಂಪೈಲ್ ಮಾಡಿ ಓಡಿಸಿ. ಆಮೇಲೆ ಡಾಸ್‌ನಲ್ಲಿ ‘ಸೆಟ್ 87=ಎನ್’ (SET 87=N) ಕೊಟ್ಟು, ಅಂದರೆ ಚಿಪ್ ಬಳಸಬೇಡವೆಂದು ಹೇಳಿ, ಅದನ್ನೇ ಮತ್ತೆ ಓಡಿಸಿ. ಎರಡನೇ ಸಲ ಬಹಳ ಹೊತ್ತು ಹಿಡಿದರೆ ಚಿಪ್ ದುಡಿಯುತ್ತಿದೆ. ಪತ್ರ ಟೈಪಿಸುವ ತಂತ್ರಾಂಶದಲ್ಲಿ ಮಾತ್ರ ವ್ಯತ್ಯಾಸ ಹುಡುಕಬೇಡಿ.