ಗಟ್ಟಿ ಹಗ್ಗವನ್ನು ಹುಡುಕಬೇಡಿ, ಜಾರದ ಹಗ್ಗವನ್ನು ಹುಡುಕಿ

ವಿಂಡ್‌ಸರ್ಫಿಂಗ್ (ಹಾಯಿ ಹೂಡಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಹಾಯಿಗೆ ಎಲ್ಲಕ್ಕಿಂತ ಗಟ್ಟಿಯಾದ ಹಗ್ಗ ಯಾವುದು, ರಾಟೆಗಳ ಸುತ್ತು ಕಡಿಮೆ ಮಾಡಿದರೆ ಕಟ್ಟುವುದು ಸುಲಭವಾದೀತೇ ಎಂದು ಕೇಳಿದ್ದೀರಿ. ಗಟ್ಟಿ ಹಗ್ಗದ ಬೆನ್ನು ಹತ್ತಿಯೇ ನಾನು ಒಂದು ಒಳ್ಳೆಯ ಹಾಯಿಯನ್ನು ಕಳೆದುಕೊಂಡದ್ದು.

ಡೌನ್‌ಹಾಲ್‌ಗೆಂದು, ಅಂದರೆ ಹಾಯಿಯ ಬುಡವನ್ನು ಮಾಸ್ಟಿನ (ಹಾಯಿಕಂಬದ) ಬುಡದ ಕಡೆಗೆ ಎಳೆದು ಕಟ್ಟುವ ಹಗ್ಗಕ್ಕೆಂದು, ನಾನು ತಂದದ್ದು 3 ಮಿ.ಮೀ. ದಪ್ಪದ, ಹೊದಿಕೆಯಿಲ್ಲದ ಡೈನೀಮಾ ಎಂಬ ಕೃತಕ ನಾರಿನ ಹಗ್ಗ. ಗಟ್ಟಿತನದಲ್ಲಿ ಅದಕ್ಕೆ ಹೆಸರಿಡುವಂತಿಲ್ಲ, ಹಿಗ್ಗುವುದೂ ಅತಿ ಕಡಿಮೆ. ಆದರೆ ಮೈಯೆಲ್ಲ ಮೇಣ ಸವರಿದಷ್ಟು ನುಣುಪು. ದಡದಲ್ಲಿ ಸರಿಯಾಗಿಯೇ ಎಳೆದು ಕಟ್ಟುತ್ತಿದ್ದೆ. ನೀರಿಗಿಳಿದು ಸ್ವಲ್ಪ ಹೊತ್ತಾಗುತ್ತಲೇ ಹಿಂದಿನ ಕೈ ಸೋಲುತ್ತಿತ್ತು, ಗಾಳಿ ಒಮ್ಮೆಲೇ ಜೋರಾದರೆ ಹಾಯಿ ನನ್ನನ್ನೇ ಎತ್ತಿ ಮುಂದಕ್ಕೆ ಒಗೆಯುತ್ತಿತ್ತು. ಹಾಯಿ ನನಗೆ ದೊಡ್ಡದಾಯಿತೆಂದು ತೀರ್ಮಾನಿಸಿ, ಮಾರಿ, ಚಿಕ್ಕದನ್ನು ಕೊಂಡೆ. ಅದರಲ್ಲೂ ಅದೇ ಪಾಡು.

ಒಮ್ಮೆ ಹಗ್ಗ ಕ್ಲೀಟಿನಿಂದ (ಹಗ್ಗವನ್ನು ಹಲ್ಲುಗಳಿಂದ ಕಚ್ಚಿ ಹಿಡಿಯುವ ಸಾಧನದಿಂದ) ಹೊರಬರುವ ಜಾಗದಲ್ಲಿ ಶಾಯಿಯ ಗೆರೆ ಎಳೆದು ನೀರಿಗಿಳಿದೆ. ಮರಳಿ ಬಂದು ನೋಡಿದರೆ ಗೆರೆ ಕ್ಲೀಟಿನ ಹಲ್ಲುಗಳನ್ನು ದಾಟಿ ಆಚೆ, ರಾಟೆಯ ಕಡೆಗೆ ನಾಲ್ಕು ಬೆರಳು ಸರಿದಿತ್ತು! ಆರು ಎಳೆಗಳ ರಾಟೆಯಲ್ಲಿ ಹಗ್ಗ 6 ಸೆಂ.ಮೀ. ಜಾರಿದರೆ ಹಾಯಿಯ ಬುಡ ಸಡಿಲವಾಗುವುದು 1 ಸೆಂ.ಮೀ. ಮಾತ್ರ. ಅಷ್ಟೇ ತಾನೇ ಎನ್ನಬೇಡಿ. ಮಾಸ್ಟನ್ನು ಬಗ್ಗಿಸಿ ಹಿಡಿಯುವುದೇ ಡೌನ್‌ಹಾಲ್. ಅದು ಸಡಿಲವಾದರೆ ಮಾಸ್ಟ್ ನೆಟ್ಟಗಾಗುತ್ತದೆ, ಹಾಯಿಯ ಹೊಟ್ಟೆ ಉಬ್ಬಿ ಹಿಂದಕ್ಕೆ ಸರಿಯುತ್ತದೆ, ಮೇಲ್ಭಾಗದ ಲೀಚ್ (ಹಾಯಿಯ ಹಿಂದಂಚು) ಬಿಗಿದು ಹೆಚ್ಚಿನ ಗಾಳಿಯನ್ನು ಹೊರಬಿಡದೆ ಹೋಗುತ್ತದೆ. ನಾನು ಮಾರಿದ ಹಾಯಿಯಲ್ಲಿ ದೋಷವೇ ಇರಲಿಲ್ಲ.

ಆದ್ದರಿಂದ ಒಳಗೆ ಡೈನೀಮಾ, ಮೇಲೆ ಪಾಲಿಯೆಸ್ಟರ್ ಹೆಣಿಗೆಯ ಹೊದಿಕೆ ಇರುವ 4 ಮಿ.ಮೀ. ಹಗ್ಗವನ್ನು ತೆಗೆದುಕೊಳ್ಳಿ. ನಿಮ್ಮ ಕ್ಲೀಟ್ ಎಷ್ಟು ದಪ್ಪಕ್ಕೆಂದು ಮಾಡಿದ್ದೋ ನೋಡಿಕೊಳ್ಳಿ, ಅದೇ ಅಂತಿಮ. ನೈಲಾನ್ ಹಿಗ್ಗುತ್ತದೆ, ಅದರ ಹತ್ತಿರವೂ ಸುಳಿಯಬೇಡಿ. ಹೊದಿಕೆ ಜುಂಗು ಜುಂಗಾದ ದಿನ ಹಗ್ಗ ಬದಲಿಸಿ.

ರಾಟೆಯ ಸುತ್ತು ಕಡಿಮೆ ಮಾಡುವ ವಿಚಾರವನ್ನು ಮಾತ್ರ ಬಿಟ್ಟೇಬಿಡಿ. ಸುತ್ತು ಕಡಿಮೆಯಾದಷ್ಟೂ ನಿಮ್ಮ ಸೊಂಟವೇ ಎಳೆಯಬೇಕಾಗುತ್ತದೆ. ಎಳೆಯುವುದು ಕಷ್ಟವೆನಿಸುವುದು ಬಹುತೇಕ ಎಳೆಗಳು ಒಂದರ ಮೇಲೊಂದು ಅಡ್ಡಹಾಯ್ದು ಉಜ್ಜಿಕೊಳ್ಳುವುದರಿಂದ. ಅಕ್ಕಪಕ್ಕ ಸಮಾನಾಂತರವಾಗಿ ಕೂರುವಂತೆ ಪೋಣಿಸಿ ನೋಡಿ, ಅರ್ಧ ಶ್ರಮ ಅಲ್ಲೇ ಉಳಿಯುತ್ತದೆ. ನಿಜವಾಗಿ ಸರಳ ಮಾಡಬೇಕೆಂದರೆ ಕೊಕ್ಕೆಯಿರುವ ರಾಟೆ ಹಾಕಿಸಿ. ಹಗ್ಗವನ್ನು ಒಮ್ಮೆ ಪೋಣಿಸಿ, ತುದಿಗೆ ಎಂಟರ ಆಕಾರದ ಗಂಟು ಹಾಕಿ ಬಿಟ್ಟರೆ ಆಮೇಲೆ ಕೊಕ್ಕೆ ಸಿಕ್ಕಿಸಿ ಎಳೆಯುವುದಷ್ಟೇ ಕೆಲಸ. ಎಳೆಯುವಾಗ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ, ಗಿಡ್ಡ ಕೋಲಿಗೆ ಸುತ್ತಿ ಎಳೆಯಿರಿ.

ಮಾಸ್ಟ್ ಎಕ್ಸ್‌ಟೆನ್ಷನ್ನಿನ (ಮಾಸ್ಟಿನ ಬುಡಕ್ಕೆ ಸೇರಿಸಿ ಉದ್ದ ಹೆಚ್ಚಿಸುವ ತುಂಡಿನ) ಅಳತೆಗೆ ಊಹೆ ಬೇಡ. ಹಾಯಿಯ ಮೇಲೆ ಲಫ್ (ಮಾಸ್ಟಿನ ಕಡೆಯ ಅಂಚಿನ ಉದ್ದ) 448 ಎಂದಿದ್ದು ಮಾಸ್ಟ್ 430 ಇದ್ದರೆ 18 ಸೆಂ.ಮೀ.ಗೆ ಇಡಿ. ಡೌನ್‌ಹಾಲ್ ಮೊದಲು, ಔಟ್‌ಹಾಲ್ (ಹಾಯಿಯ ಹಿಂದಿನ ಮೂಲೆಯನ್ನು ಹೊರಕ್ಕೆ ಎಳೆದು ಕಟ್ಟುವ ಹಗ್ಗ) ಆಮೇಲೆ. ಔಟ್‌ಹಾಲ್‌ಗೆ ಹಿಗ್ಗದಂತೆ ಮೊದಲೇ ಎಳೆದು ತಯಾರಿಸಿದ ಸಾಮಾನ್ಯ ಪಾಲಿಯೆಸ್ಟರ್ ಹಗ್ಗ ಧಾರಾಳವಾಗಿ ಸಾಕು, ಅಲ್ಲಿ ದುಬಾರಿ ಹಗ್ಗಕ್ಕೆ ದುಡ್ಡು ಸುರಿಯಬೇಡಿ.