ದೇವಸ್ಥಾನದ ಸೆಕ್ಯುರಿಟಿ ಗ್ರಾಂಟ್: ಹಳೆ ಬಿಲ್ ಸೇರಿಸಬಹುದಾ?

ನಮಸ್ಕಾರ. ಅಮೆರಿಕದ ನಿಮ್ಮ ದೇವಸ್ಥಾನಕ್ಕೆ ಫೀಮಾದ (ಅಲ್ಲಿನ ಫೆಡರಲ್ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ನಾನ್‌ಪ್ರಾಫಿಟ್ ಸೆಕ್ಯುರಿಟಿ ಗ್ರಾಂಟ್, ಅಂದರೆ ಲಾಭರಹಿತ ಸಂಸ್ಥೆಗಳ ಭದ್ರತೆಗೆ ಕೊಡುವ ಅನುದಾನ, ಮಂಜೂರಾಗಿದೆ, ಹೋದ ವರ್ಷ ಹಾಕಿಸಿದ ಕ್ಯಾಮೆರಾಗಳ ಬಿಲ್ಲನ್ನೂ ಇದರಲ್ಲೇ ಸೇರಿಸಬಹುದಾ, ಹಬ್ಬದ ದಿನ ಗಾರ್ಡ್ ಇಡಬಹುದಾ ಅಂತ ಕೇಳಿದ್ದೀರಿ.

ಹಳೆ ಬಿಲ್ ಆಗಲ್ಲ. ಮಂಜೂರಾತಿಗೆ ಮುಂಚೆ ಮಾಡಿದ ಖರ್ಚಿಗೆ ಈ ಹಣ ಬರುವುದಿಲ್ಲ. ಗಾರ್ಡ್ ಇಡಬಹುದು, ಆದರೆ ಕಾಂಟ್ರ್ಯಾಕ್ಟ್ ಮೇಲೆ, ಅದೂ ಮಂಜೂರಾದ ಬಜೆಟ್‌ನಲ್ಲಿ ಆ ಬಾಬ್ತು ಇದ್ದರೆ ಮಾತ್ರ. ಗೇಟು, ಬೇಲಿ, ದೀಪ, ಗಟ್ಟಿ ಬಾಗಿಲು, ಸ್ವಯಂಸೇವಕರ ತರಬೇತಿ ಇವಕ್ಕೂ ಅವಕಾಶ ಇದೆ. ಕರೆಂಟ್ ಬಿಲ್, ಅರ್ಚಕರ ಸಂಬಳ ಇದರಲ್ಲಿ ಬರಲ್ಲ.

ಜಾಸ್ತಿ ಜನ ಎಡವುವುದು ಒಂದು ಕಡೆ. ಗೋಡೆಗೆ ಡ್ರಿಲ್ ಹಾಕುವ ಮುಂಚೆ ಪರಿಸರ ಮತ್ತು ಪಾರಂಪರಿಕ ಕಟ್ಟಡಗಳ ಪರಿಶೀಲನೆ ಮುಗಿದಿರಬೇಕು. ಒಂದೇ ಒಂದು ಕ್ಯಾಮೆರಾ ಆದರೂ ಸರಿ. ಅದು ಎಲ್ಲಿ ಬರುತ್ತೆ ಅಂತ ಗುರುತು ಹಾಕಿದ ಫೋಟೋವನ್ನು ಈ ಪರಿಶೀಲನೆಯ ಫಾರಂ ಜೊತೆ ಕಳಿಸಿ, ಒಪ್ಪಿಗೆ ಕೈಗೆ ಬಂದ ಮೇಲೆ ಕೆಲಸ ಶುರು ಮಾಡಿ. ಆತುರಪಟ್ಟರೆ ಅಷ್ಟೂ ಖರ್ಚು ದೇವಸ್ಥಾನದ ತಲೆ ಮೇಲೆ ಬೀಳಬಹುದು. ಭಕ್ತರು ಹುಂಡಿಗೆ ಹಾಕಿದ ದುಡ್ಡು ಅದು, ಅಲ್ವಾ?

ಕ್ಯಾಮೆರಾ ಡಬ್ಬದ ಮೇಲಿನ ಬ್ರ್ಯಾಂಡ್ ಹೆಸರನ್ನೂ ನೋಡಿ. ಹೈಕ್‌ವಿಷನ್, ದಹುವಾ ಕ್ಯಾಮೆರಾಗಳಿಗೆ ಫೆಡರಲ್ ಹಣ ಬಳಸುವಂತಿಲ್ಲ.

ಸಾಮಾನ್ಯವಾಗಿ ಮೊದಲು ನೀವೇ ಖರ್ಚು ಮಾಡಿ, ಆಮೇಲೆ ಈ ಗ್ರಾಂಟ್ ನೋಡಿಕೊಳ್ಳುವ ನಿಮ್ಮ ರಾಜ್ಯದ ಏಜೆನ್ಸಿಯಿಂದ ವಾಪಸ್ ಪಡೆಯಬೇಕು. ಪ್ರತಿ ಇನ್‌ವಾಯ್ಸ್ ಜೊತೆ ಹಣ ಕೊಟ್ಟ ದಾಖಲೆಯನ್ನೂ ಇಟ್ಟುಕೊಳ್ಳಿ. ಕಮಿಟಿ ಸದಸ್ಯರದೇ ಕಂಪನಿ ಇದ್ದರೆ ಸುಮ್ನೆ ಅವರಿಗೇ ಕೆಲಸ ಕೊಟ್ಟುಬಿಡಬೇಡಿ, ಬೇರೆಯವರಿಂದ ಕೊಟೇಶನ್ ತರಿಸಿ.