ಹಿಮ ಬಿದ್ದು ಶಾಲೆ ಮುಚ್ಚಿದ ದಿನ ರಜೆ ಯಾರು ಹಾಕಬೇಕು?

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬದ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಗಂಡನದು ಸಾಫ್ಟ್‌ವೇರ್ ಕೆಲಸ, ಹೊಸ ಕಂಪನಿ, ಇನ್ನೂ ಪ್ರೊಬೇಷನ್ ಮುಗಿದಿಲ್ಲ. ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಗನಿಗೆ 10 ವರ್ಷ, ಮಗಳಿಗೆ 6. ಇಡೀ ಕುಟುಂಬ ಅಲ್ಲಿರುವುದು ಹೆಂಡತಿಯ ವೀಸಾ ಮೇಲೆ. ಅಜ್ಜ, ಅಜ್ಜಿ, ಚಿಕ್ಕಮ್ಮ ಅಂತ ಕರೆದರೆ ಓಡಿ ಬರುವವರು ಹತ್ತಿರದಲ್ಲಿ ಯಾರೂ ಇಲ್ಲ.

ನನ್ನ ಬಳಿ ಸಲಹೆಗೆ ಬಂದು ಕೂತಾಗ ಇಬ್ಬರೂ ಹೇಳಿದ್ದು ಒಂದೇ ಮಾತು: "ಇತ್ತೀಚೆಗೆ ಸಣ್ಣಪುಟ್ಟದಕ್ಕೂ ಜಗಳ." ತೀರಾ ನೋವಾದ ಜಗಳ ಯಾವುದು ಅಂತ ಕೇಳಿದೆ. ಅದಕ್ಕೂ ಇಬ್ಬರದು ಒಂದೇ ಉತ್ತರ. ಹಿಮ ಬಿದ್ದು ಶಾಲೆ ಮುಚ್ಚಿದ ಆ ಬೆಳಿಗ್ಗೆ.

ಶಾಲೆಯ ಮೆಸೇಜ್ ಬಂದಾಗ ಆರೂವರೆ ದಾಟಿತ್ತು. ಹೆಂಡತಿ ಆಗಲೇ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. "ನೀವು ಇವತ್ತು ಮನೇಲೇ ಇರ್ತೀರಲ್ಲ" ಅಂದರು. "ಮನೇಲಿದ್ರೆ ಸುಮ್ನೆ ಕೂತಿರ್ತೀನಿ ಅಂದ್ಕೊಂಡಿದ್ದೀಯಾ? ಒಂಬತ್ತಕ್ಕೆ ಮೀಟಿಂಗ್ ಇದೆ" ಅಂದರು ಗಂಡ. ಮಾತು ಯಾರ ಸಂಬಳ ಎಷ್ಟು ಅನ್ನುವಲ್ಲಿಗೆ ಹೋಯಿತು. ಅಲ್ಲಿಂದ ಯಾರ ವೀಸಾ ಮೇಲೆ ಯಾರು ಇದ್ದೀರಿ ಅನ್ನುವಲ್ಲಿಗೆ. ಮಧ್ಯೆ ಗಂಡ, "ದೊಡ್ಡವನಿದ್ದಾನಲ್ಲ, ನಾನು ರೂಮಲ್ಲಿರ್ತೀನಿ, ಅವನೇ ನೋಡ್ಕೊಳ್ಲಿ. ಆಫೀಸಿಗೆ ಹೋಗೋ ದಿನವೂ ಅವನೇ ನೋಡ್ಕೊಳ್ಬಹುದು" ಅಂದರಂತೆ. ಕೊನೆಗೆ ಹೆಂಡತಿ ವಾರ್ಡಿಗೆ ಫೋನ್ ಮಾಡಿ, "ನನಗೆ ಹುಷಾರಿಲ್ಲ" ಎಂದು ಸುಳ್ಳು ಹೇಳಿ ಮನೆಯಲ್ಲುಳಿದರು.

ಮಗಳ ವಿಷಯ ಹೆಂಡತಿ ಹೇಳಿದ್ದು ಎದ್ದು ಹೊರಡುವಾಗ. ಇವರಿಬ್ಬರ ದನಿ ಏರುತ್ತಿದ್ದಾಗ ಆ ಮಗು ತಾನಾಗಿಯೇ ಶಾಲೆಯ ಯೂನಿಫಾರ್ಮ್ ಹಾಕಿಕೊಂಡಿತ್ತು. ಕಾರ್ಡಿಗನ್ನಿನ ಗುಂಡಿಗಳು ಒಂದು ತೂತು ಮೇಲೆ ಕೆಳಗೆ. ಬ್ಯಾಗು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು, "ಸ್ಕೂಲಿದೆ ಅಮ್ಮ, ನಾನು ಹೋಗ್ತೀನಿ" ಅಂದಳಂತೆ.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ದೊಡ್ಡವರಿಗೆ ಅದು ರಜೆಯ ಜಗಳ. ಮಗುವಿನ ಕಿವಿಗೆ ಬಿದ್ದದ್ದು ಬೇರೆ: ನಾನು ಮನೇಲಿದ್ರೆ ಇವರಿಗೆ ತೊಂದರೆ. ಹಿಮ ಕಂಡರೆ ಕುಣಿಯಬೇಕಾದ ವಯಸ್ಸಿನವಳು ಬ್ಯಾಗು ಹಾಕಿಕೊಂಡು ಕೂತಿದ್ದಾಳೆ ಅಂದರೆ ಆ ಮನೆಯಲ್ಲಿ ಏನೋ ಬದಲಾಗಲೇಬೇಕು.

ಮುಂದಿನ ಭೇಟಿಯಲ್ಲಿ ಮೊದಲು ಭಯಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಸಂಬಂಧದ ಮಾತು ಆಮೇಲೆ ಅಂತ ನಾನೇ ಹೇಳಿದೆ. ಕೆಲಸ ಹೋಗುತ್ತದೆ ಅನ್ನುವ ಭಯ ತಲೆಯಲ್ಲಿದ್ದಾಗ "ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಿ" ಅಂದರೆ ಯಾರ ಕಿವಿಗೂ ಹೋಗುವುದಿಲ್ಲ.

ಬ್ರಿಟನ್ನಿನಲ್ಲಿ ಇಂಥ ದಿನಕ್ಕೆ ಕಾನೂನಿನಲ್ಲೇ ಒಂದು ದಾರಿ ಇದೆ. 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 57ಎ ಸೆಕ್ಷನ್. ಮಗುವನ್ನು ನೋಡಿಕೊಳ್ಳುವ ಏರ್ಪಾಡು ಅನಿರೀಕ್ಷಿತವಾಗಿ ಕೈಕೊಟ್ಟರೆ ನೌಕರಿಯಲ್ಲಿರುವ ತಂದೆ ಅಥವಾ ತಾಯಿ ಸಮಂಜಸ ಅನ್ನಿಸುವಷ್ಟು ಹೊತ್ತು ಬಿಡುವು ತೆಗೆದುಕೊಳ್ಳಬಹುದು. ಎಷ್ಟು ಅಂತ ಕಾಯ್ದೆ ಲೆಕ್ಕ ಕೊಡುವುದಿಲ್ಲ. ಬೇರೆ ಏರ್ಪಾಡು ಮಾಡಿಕೊಳ್ಳಲು ಬೇಕಾಗುವಷ್ಟು, ಸಾಮಾನ್ಯವಾಗಿ ಒಂದೆರಡು ದಿನ. ಆ ಹೊತ್ತಿಗೆ ಸಂಬಳ ಕೊಡಲೇಬೇಕು ಅಂತಿಲ್ಲ, ಅದು ಕಂಪನಿಯ ನಿಯಮಕ್ಕೆ ಬಿಟ್ಟಿದ್ದು. ಆದರೆ ಈ ಹಕ್ಕು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಇರುತ್ತದೆ. ಪ್ರೊಬೇಷನ್ನಿನಲ್ಲಿದ್ದೀನಿ, ಬಾಯಿಬಿಟ್ಟರೆ ಕಳಿಸಿಬಿಡ್ತಾರೆ ಅಂತ ಗಂಡ ಹೆದರಿದ್ದರು. ಈ ಬಿಡುವು ತೆಗೆದುಕೊಂಡ ಕಾರಣಕ್ಕೇ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. (ಸ್ವಂತ ಕಾಂಟ್ರಾಕ್ಟ್ ಮೇಲೆ ದುಡಿಯುವವರಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ, ಅವರು ತಮ್ಮ ಕರಾರು ನೋಡಿಕೊಳ್ಳಬೇಕು.)

"ಹಿಮ ಬರುತ್ತೆ ಅಂತ ಮೊದಲೇ ಗೊತ್ತಿತ್ತಲ್ಲ, ಅನಿರೀಕ್ಷಿತ ಹೇಗಾಗುತ್ತೆ?" ಅಂತ ಗಂಡ ಕೇಳಿದರು. ಒಳ್ಳೆಯ ಪ್ರಶ್ನೆ. 2008ರಲ್ಲಿ ಇಂಥದ್ದೇ ಒಂದು ವಾದ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಬಂದಿತ್ತು. ಮಗುವನ್ನು ನೋಡಿಕೊಳ್ಳುವವರು ಆ ದಿನ ಬರುವುದಿಲ್ಲ ಅಂತ ತಾಯಿಗೆ 2 ವಾರ ಮೊದಲೇ ತಿಳಿದಿತ್ತು. ಆದರೂ ಅದು ಅನಿರೀಕ್ಷಿತವೇ ಎಂದು ಮಂಡಳಿ ಒಪ್ಪಿತು. ಆದರೆ ಗೊತ್ತಾದ ಮೇಲೆ ಬೇರೆ ದಾರಿ ಹುಡುಕದೆ ಕೂತರೆ ನಿಮ್ಮ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ. ಹುಡುಕಿದ್ದಕ್ಕೆ ಮೆಸೇಜೋ ಇಮೇಲೋ ಉಳಿಸಿಕೊಳ್ಳಿ ಅಂದೆ.

ವೀಸಾ ಭಯ ಇನ್ನೂ ದೊಡ್ಡದಿತ್ತು. ಸಂಬಳವಿಲ್ಲದ ರಜೆ ಹಾಕಿದರೆ ವೀಸಾ ಹೋಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಅಂಥ ನಿಯಮ ಇರುವುದು ನಿಜ. ಆದರೆ ಅದು ಮುಟ್ಟುವುದು ಒಂದು ಕ್ಯಾಲೆಂಡರ್ ವರ್ಷದಲ್ಲಿ ಸಂಬಳವಿಲ್ಲದ ಗೈರುಹಾಜರಿ ಒಟ್ಟು 4 ವಾರ ದಾಟಿದಾಗ, ಅದಕ್ಕೂ ಕೆಲವು ವಿನಾಯಿತಿಗಳಿವೆ. ಹಿಮದ ಒಂದೆರಡು ದಿನಕ್ಕೆ ಹೆದರಬೇಕಿಲ್ಲ. ಇದನ್ನು ಕೇಳಿ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಇಷ್ಟು ದಿನ ಮನಸ್ಸಿನಲ್ಲೇ ಹೊತ್ತುಕೊಂಡಿದ್ದರು ಪಾಪ.

ಸುಳ್ಳಿನ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಿದೆ. ಹುಷಾರಿಲ್ಲ ಅಂತ ಸುಳ್ಳು ಹೇಳಬೇಡಿ. ಸತ್ಯ ಹೇಳಿದರೆ ಕಾನೂನು ನಿಮ್ಮ ಬೆನ್ನಿಗಿದೆ. ಸುಳ್ಳು ಸಿಕ್ಕಿಬಿದ್ದರೆ ಅದೇ ಶಿಸ್ತುಕ್ರಮಕ್ಕೆ ಕಾರಣವಾಗಬಹುದು. ಅದಕ್ಕಿಂತ ಹೆಚ್ಚಾಗಿ, ಮಗ ಪಕ್ಕದಲ್ಲಿ ನಿಂತು ಆ ಫೋನ್ ಕೇಳಿಸಿಕೊಂಡಿದ್ದ. ಮ್ಯಾನೇಜರಿಗೆ ಹೇಳಬೇಕಾದ್ದು ಇಷ್ಟೇ: "ಶಾಲೆ ಮುಚ್ಚಿದೆ, ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲ, ಇವತ್ತು ಬರಲಾಗುವುದಿಲ್ಲ, ನಾಳೆಯ ವಿಷಯ ಸಂಜೆ ತಿಳಿಸುತ್ತೇನೆ." ಕಾರಣ ಮತ್ತು ಎಷ್ಟು ಹೊತ್ತು ಅನ್ನುವುದು ಆದಷ್ಟು ಬೇಗ ತಿಳಿಸಬೇಕು ಅಂತ ಕಾಯ್ದೆಯೂ ಹೇಳುತ್ತದೆ. ಹತ್ತು ಸಲ ಕ್ಷಮೆ ಕೇಳಬೇಕಿಲ್ಲ.

ಮಗನ ಮೇಲೆ ಬಿಟ್ಟುಹೋಗುವ ವಿಚಾರ. ಇಂತಿಷ್ಟು ವಯಸ್ಸಾಗಿರಬೇಕು ಅಂತ ಇಂಗ್ಲೆಂಡಿನ ಕಾನೂನು ಹೇಳಿಲ್ಲ. ಆದರೆ ಒಂಟಿಯಾಗಿ ಬಿಟ್ಟದ್ದರಿಂದ ಮಗು ಅಪಾಯಕ್ಕೆ ಒಡ್ಡಿಕೊಂಡರೆ ಅದು ಅಪರಾಧ. 12 ವರ್ಷದೊಳಗಿನವರಿಗೆ ಹೆಚ್ಚು ಹೊತ್ತು ಒಬ್ಬರೇ ಇರುವಷ್ಟು ತಿಳಿವಳಿಕೆ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿಯ ಸಲಹೆ. ಅಪ್ಪ ಮನೆಯೊಳಗೇ ಇದ್ದು, ಅರ್ಧ ಗಂಟೆ ತಂಗಿ ಜೊತೆ ಆಡ್ತಾ ಇರು ಅಂದರೆ ಪರವಾಗಿಲ್ಲ. ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದೆ ಇಡೀ ದಿನ 10 ವರ್ಷದವನ ಮೇಲೆ 6 ವರ್ಷದವಳನ್ನು ಬಿಡುವುದು ಬೇಡವೇ ಬೇಡ. ಗಂಡ ವಾದ ಮಾಡಲಿಲ್ಲ. ಆತುರದಲ್ಲಿ ಬಂದ ಮಾತು ಅದು.

ಶಾಲೆಯ ಮೇಲೂ ಗಂಡನಿಗೆ ಸಿಟ್ಟಿತ್ತು. "ನಮ್ಮ ರಸ್ತೆ ಚೆನ್ನಾಗೇ ಇತ್ತು, ಸುಮ್ನೆ ಮುಚ್ಚಿದರು." ಮುಚ್ಚಬೇಕೋ ಬೇಡವೋ ಎಂದು ಸಾಮಾನ್ಯವಾಗಿ ತೀರ್ಮಾನಿಸುವುದು ಮುಖ್ಯ ಶಿಕ್ಷಕರು. ಅವರು ನಿಮ್ಮ ರಸ್ತೆ ಒಂದನ್ನೇ ನೋಡುವುದಿಲ್ಲ. ದೂರದ ಊರುಗಳಿಂದ ಬರುವ ಶಿಕ್ಷಕರು ತಲುಪುತ್ತಾರಾ, ಅಂಗಳದಲ್ಲಿ ಮಂಜುಗಡ್ಡೆ ಕಟ್ಟಿದೆಯಾ, ಬಾಯ್ಲರ್ ಕೆಲಸ ಮಾಡುತ್ತಿದೆಯಾ ಎಲ್ಲವನ್ನೂ ನೋಡಬೇಕು. 2018ರ ಫೆಬ್ರುವರಿ ಕೊನೆ, ಮಾರ್ಚ್ ಆರಂಭದಲ್ಲಿ ಪೂರ್ವದಿಂದ ಬೀಸಿದ ಚಳಿಗಾಳಿಗೆ ಬ್ರಿಟನ್ನಿನಲ್ಲಿ ಸಾವಿರಾರು ಶಾಲೆಗಳು ಮುಚ್ಚಿದ್ದವು. ಇದು ಅಪರೂಪದ ಆಪತ್ತೇನಲ್ಲ, ಚಳಿಗಾಲ ಬಂತೆಂದರೆ ಬರಬಹುದಾದ ದಿನ. ಹಾಗಾಗಿ ಅದರ ತೀರ್ಮಾನ ಬೆಳಿಗ್ಗೆ ಆರೂವರೆಗೆ, ಕೋಟು ಹಾಕಿಕೊಂಡು ನಿಂತು ಆಗುವಂಥದ್ದಲ್ಲ. ಆ ಹೊತ್ತಿನಲ್ಲಿ ಯಾರು ಜಾಸ್ತಿ ಅಪರಾಧಿ ಭಾವ ಹೊತ್ತಿರುತ್ತಾರೋ ಅವರೇ ಸೋಲುತ್ತಾರೆ. ನಾನು ನೋಡಿದ ಮನೆಗಳಲ್ಲಿ ಅದು ಹೆಚ್ಚಾಗಿ ತಾಯಿ. ಇದು ನ್ಯಾಯವಲ್ಲ ಅಂತ ಇಬ್ಬರ ಮುಖ ನೋಡಿಯೇ ಹೇಳಿದೆ.

ಅವರು ಒಪ್ಪಿಕೊಂಡ ಏರ್ಪಾಡು ಸರಳವಾದದ್ದು. ಹವಾಮಾನ ಇಲಾಖೆ, ಅಂದರೆ ಮೆಟ್ ಆಫೀಸ್, ಹಿಮಕ್ಕೆ ಹಳದಿ, ಅಂಬರ್, ಕೆಂಪು ಎಚ್ಚರಿಕೆ ಕೊಡುತ್ತದೆ. ಎಷ್ಟೋ ಸಲ ಇದು ಕೆಲವು ದಿನ ಮುಂಚೆಯೇ ಸಿಗುತ್ತದೆ. ಹಳದಿ ಬಂತೆಂದರೆ ಆ ಸಂಜೆ ಊಟವಾದ ಮೇಲೆ ಇಬ್ಬರೂ ತಮ್ಮ ಕ್ಯಾಲೆಂಡರ್ ತೆಗೆದು ಕೂರಬೇಕು. ಹೆಂಡತಿಗೆ ಶಿಫ್ಟ್ ಇದ್ದರೆ ಆ ದಿನ ಗಂಡನದು. ಎರಡನೇ ದಿನವೂ ಮುಚ್ಚಿದರೆ ಹೆಂಡತಿಯದು. "ಮನೆಯಿಂದ ಕೆಲಸ" ಅಂದರೆ ಬಿಡುವು ಅಂತ ಲೆಕ್ಕ ಹಾಕುವಂತಿಲ್ಲ. ಮಕ್ಕಳಿರುವ ದಿನ ಯಾವ ಗಂಟೆಗಳಲ್ಲಿ ಮಾತ್ರ ಸಿಗುತ್ತೇನೆ ಅಂತ ಗಂಡ ಮ್ಯಾನೇಜರಿಗೆ ಹಿಂದಿನ ರಾತ್ರಿಯೇ ಬರೆಯಬೇಕು. ಮಗಳ ತರಗತಿಯ ಇನ್ನೊಂದು ಮಗುವಿನ ಮನೆ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಇವತ್ತು ನಿಮ್ಮ ಮಗು ನಮ್ಮಲ್ಲಿ, ನಾಳೆ ನಮ್ಮ ಮಗು ನಿಮ್ಮಲ್ಲಿ ಎಂದು ಅವರ ಜೊತೆ ಮಾತಾಡಿಕೊಂಡರು. ದುಡ್ಡಿನ ಮಾತಿಲ್ಲದೆ ಸ್ನೇಹಿತರು ಹೀಗೆ ನೋಡಿಕೊಳ್ಳಬಹುದು. ದುಡ್ಡು ಪಡೆದು ತಮ್ಮ ಮನೆಯಲ್ಲಿ 8 ವರ್ಷದೊಳಗಿನ ಮಗುವನ್ನು ದಿನಕ್ಕೆ 2 ಗಂಟೆಗಿಂತ ಜಾಸ್ತಿ ನೋಡಿಕೊಳ್ಳುವವರು ಮಾತ್ರ ನೋಂದಣಿ ಮಾಡಿಸಬೇಕು.

ಮಗಳ ಜೊತೆಗಿನ ಮಾತು ನಾನು ಆಡಲಿಲ್ಲ, ಅವರಿಂದಲೇ ಆಡಿಸಿದೆ. "ಅವತ್ತು ನಾವು ಕೂಗಾಡಿದ್ದು ನಿನ್ನಿಂದಲ್ಲ. ನಮ್ಮ ಕೆಲಸ ಹೊಂದಿಸೋಕೆ ನಮಗೆ ಗೊತ್ತಾಗಲಿಲ್ಲ. ಶಾಲೆ ಇಲ್ಲದ ದಿನ ನೀನು ಮನೇಲಿರೋದು ನಮಗೆ ಇಷ್ಟ." ಇಷ್ಟೇ. ದೊಡ್ಡ ವಿವರಣೆ ಕೊಟ್ಟರೆ ಮಗು ಅದರಲ್ಲೂ ತನ್ನ ತಪ್ಪನ್ನೇ ಹುಡುಕುತ್ತದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಹಿಮದಲ್ಲಿ ಆಡಬಹುದಾ?" ಆಡಿಸಬೇಕು ಅಂತ ಗಂಡನಿಗೆ ಹೇಳಿದೆ. ಮಧ್ಯಾಹ್ನ ಅರ್ಧ ಗಂಟೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋದರೆ, ಆಮೇಲೆ ಮಕ್ಕಳು ಸುಸ್ತಾಗಿ ಸುಮ್ಮನೆ ಕೂರುತ್ತಾರೆ. ಕೆಲಸವೂ ಆಗುತ್ತದೆ.

ಆ ಚಳಿಗಾಲ ಮುಗಿಯುವ ಮೊದಲು ಶಾಲೆ ಮತ್ತೆ ಮುಚ್ಚಿತು. ಗಂಡ ಮನೆಯಲ್ಲುಳಿದರು. ಮ್ಯಾನೇಜರ್ ಸ್ವಲ್ಪ ಗೊಣಗಿದರಂತೆ, ಆದರೆ ಮೀಟಿಂಗನ್ನು ಸಂಜೆಗೆ ಹಾಕಿಕೊಟ್ಟರು. ಜಗಳವೂ ಆಯಿತು, ಹಿಂದಿನ ಸಂಜೆಯೇ, ಮಕ್ಕಳು ಮಲಗಿದ ಮೇಲೆ. ಯಾರ ಸಂಬಳ ಜಾಸ್ತಿ ಅನ್ನುವ ಮಾತು ಅದರಲ್ಲೂ ಮತ್ತೆ ಬಂದಿದೆ. ಈಗ ನಾವು ಮಾತಾಡುತ್ತಿರುವುದು ಅದರ ಬಗ್ಗೆ.